ಪ್ರಣಾಳಿಕೆಗಿಂತ ಮೊದಲು ಅಫಿಡವಿಟ್ ಓದಿ

ಚುನಾವಣೆಗೆ ನಿಂತವರೆಲ್ಲರೂ ಉದ್ಯೋಗದ ಮಾತಾಡುತ್ತಾರೆ. ಆದರೆ ದುಡಿಮೆ, ವ್ಯಾಪಾರ, ಭೂಮಿ ಇವುಗಳ ಜತೆ ಅವರಿಗೆ ನಿಜಕ್ಕೂ ಯಾವ ನಂಟಿದೆ ಎಂಬುದು ತಿಳಿಯಬೇಕಾದರೆ ನಾಮಪತ್ರದ ಜತೆ ಸಲ್ಲಿಸುವ ಅಫಿಡವಿಟ್, ಅಂದರೆ ನಮೂನೆ 26ರ ಪ್ರಮಾಣಪತ್ರವನ್ನು ಓದಬೇಕು. ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ ರಾಜ್ಯ, ಕ್ಷೇತ್ರ ಆರಿಸಿದರೆ ಅದು ಸಿಗುತ್ತದೆ. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆದರೆ ಬರೆದದ್ದು ನಿಜವೇ ಎಂದು ಚುನಾವಣಾಧಿಕಾರಿ ತನಿಖೆ ಮಾಡುವುದಿಲ್ಲ. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಹಾಗಾಗಿ ಪರಿಶೀಲನೆಯ ಕೆಲಸ ಬಹುಮಟ್ಟಿಗೆ ಮತದಾರರ ಮೇಲೇ ಬೀಳುತ್ತದೆ.

ಹೆಚ್ಚಿನವರು ಒಟ್ಟು ಆಸ್ತಿ ಎಷ್ಟು ಕೋಟಿ ಎಂದು ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದರಿಂದ ತಿಳಿಯುವುದು ಕಡಿಮೆ. ಮೊದಲು 9ನೇ ಬಾಬತ್ತಿಗೆ ಹೋಗಿ. ಅಲ್ಲಿ ವೃತ್ತಿ ಇರುತ್ತದೆ, 9ಎಯಲ್ಲಿ ಆದಾಯದ ಮೂಲ. 9ಬಿಯಲ್ಲಿ ಅಭ್ಯರ್ಥಿ, ಸಂಗಾತಿ, ಅವಲಂಬಿತರು, ಅವರು ಪಾಲುದಾರರಾಗಿರುವ ಸಂಸ್ಥೆಗಳು ಹಿಡಿದಿರುವ ಸರ್ಕಾರಿ ಗುತ್ತಿಗೆಗಳ ವಿವರ ಇರಬೇಕು. ಈ 9ಬಿ ಬಂದದ್ದು ಲೋಕ ಪ್ರಹರಿ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪಿನ ನಂತರ. ಪೂರ್ತಿ ಅಫಿಡವಿಟ್‌ನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ ಜಾಗ.

ಈಗ 9ನ್ನೂ 4ನ್ನೂ ಅಕ್ಕಪಕ್ಕ ಇಡಿ. ನಾಲ್ಕರಲ್ಲಿ ಐದು ವರ್ಷಗಳ ಆದಾಯ ತೆರಿಗೆ ವಿವರ ಇರುತ್ತದೆ. ವೃತ್ತಿ ‘ಕೃಷಿ ಮತ್ತು ಸಮಾಜಸೇವೆ’ ಎಂದಿದ್ದು, ರಿಟರ್ನ್‌ನಲ್ಲಿ ವರ್ಷಕ್ಕೆ ಹಲವು ಲಕ್ಷ ಕಾಣಿಸಿದರೆ, ಅದು ಹೊಲದಿಂದ ಬಂದದ್ದಲ್ಲ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಅದು ಒಟ್ಟು ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ. ಉಲ್ಟಾ ಮೋಸವೂ ಆಗುತ್ತದೆ: ಪಾಲುದಾರಿಕೆ ಸಂಸ್ಥೆಯ ಲಾಭದ ಪಾಲಿಗೂ ಪಾಲುದಾರನ ಕೈಯಲ್ಲಿ ತೆರಿಗೆ ಇಲ್ಲ, ಹಾಗಾಗಿ ದೊಡ್ಡ ಗುತ್ತಿಗೆದಾರನ ರಿಟರ್ನ್ ಸಣ್ಣದಾಗಿ ಕಾಣಬಹುದು. ಸಂಸ್ಥೆಯಲ್ಲಿ ತೊಡಗಿಸಿದ ಬಂಡವಾಳ ಎಷ್ಟು ಎಂಬುದನ್ನು ಚರಾಸ್ತಿ ಪಟ್ಟಿಯಲ್ಲಿ ನೋಡಿ.

ಸ್ಥಿರಾಸ್ತಿಯಲ್ಲಿ ರೂಪಾಯಿ ಬಿಟ್ಟು ಎಕರೆ, ಗುಂಟೆ ನೋಡಿ. ಮೌಲ್ಯವನ್ನು ಅಭ್ಯರ್ಥಿಯೇ ಅಂದಾಜಿಸಿ ಬರೆಯುವುದರಿಂದ ಐದು ವರ್ಷದಲ್ಲಿ ಆಸ್ತಿ ದುಪ್ಪಟ್ಟಾಯಿತು ಎಂಬ ಸುದ್ದಿ ಎಷ್ಟೋ ಸಲ ಅದೇ ಜಮೀನಿನ ಬೆಲೆ ಏರಿದ ಕತೆಯಷ್ಟೇ ಆಗಿರುತ್ತದೆ. ಸರ್ವೆ ನಂಬರ್ ಕೊಟ್ಟಿರುತ್ತಾರೆ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಪಹಣಿ ತೆರೆದುಕೊಳ್ಳುತ್ತದೆ. ಅಫಿಡವಿಟ್‌ನಲ್ಲಿ ಹಿಸ್ಸಾ ನಂಬರ್ (ಸರ್ವೆ ನಂಬರಿನೊಳಗಿನ ಭಾಗದ ಸಂಖ್ಯೆ) ಇಲ್ಲದಿದ್ದರೆ ಇಲ್ಲೇ ಕೆಲಸ ಕೆಡುತ್ತದೆ. ಆಗ ಆ ಸರ್ವೆ ನಂಬರಿನ ಹಿಸ್ಸಾಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಬೇಕು.

ಅಫಿಡವಿಟ್‌ನಲ್ಲಿ ಕ್ರಿಮಿನಲ್ ಪ್ರಕರಣಗಳೂ ಇರುತ್ತವೆ. ಅವುಗಳ ಸಂಖ್ಯೆಗಿಂತ ಅವು ಯಾವ ಕಾಯ್ದೆಯಡಿ ಬಂದವು ಎಂಬುದು ಮುಖ್ಯ. ಪ್ರತಿಭಟನೆ ಮಾಡಿದ್ದಕ್ಕೆ ಬಿದ್ದ ಕೇಸು ಬೇರೆ, ಚೆಕ್ ಬೌನ್ಸ್, ಗಣಿ ಮತ್ತು ಖನಿಜ ಕಾಯ್ದೆಯ ಕೇಸು ಬೇರೆ.

ಇಷ್ಟಾದ ಮೇಲೆ ಭರವಸೆ. ಕರ್ನಾಟಕದ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಇದರಲ್ಲಿ ಕಟ್ಟಡ ಕಟ್ಟಬಹುದು, ಸಂಬಳ ಕೊಡುವಂತಿಲ್ಲ. ಐಟಿಐ ಕಟ್ಟಡ ಎದ್ದು ಬೋಧಕ ಹುದ್ದೆ ಮಂಜೂರಾಗದಿದ್ದರೆ ಅದು ಬೀಗ ಹಾಕಿದ ಕಟ್ಟಡವೇ. ಹುದ್ದೆಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು.

‘ಖಾಲಿ ಹುದ್ದೆ ಭರ್ತಿ’ ಎಂದವರನ್ನು ಪರೀಕ್ಷೆ ಯಾರು ನಡೆಸುತ್ತಾರೆ ಎಂದು ಕೇಳಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಹುಡುಗ ಹುಡುಗಿಯರ ಎರಡು ವರ್ಷಕ್ಕೂ ಹೆಚ್ಚು ಕಾಲ ಅದರಲ್ಲಿ ಹೋಯಿತು. ‘ಖಾಸಗಿಯಲ್ಲೂ ಸ್ಥಳೀಯರಿಗೆ ಮೀಸಲು’ ಎಂದವರಿಗೆ ಹರಿಯಾಣದ ಮಾತು ನೆನಪಿಸಿ: ಅಲ್ಲಿನ ಶೇ. 75ರ ಕಾಯ್ದೆಯನ್ನು ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಹೊಡೆದುಹಾಕಿತು. ನಮ್ಮಲ್ಲಿ ಕಂಪನಿಗಳ ಆಡಳಿತ (ಮ್ಯಾನೇಜ್‌ಮೆಂಟ್) ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಎಂಬ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಹೊಸ ಕರಡು ಕೋರ್ಟಿನಲ್ಲಿ ನಿಲ್ಲುವುದು ಹೇಗೆ ಎಂಬುದಕ್ಕೆ ಅಭ್ಯರ್ಥಿಯ ಬಳಿ ಉತ್ತರ ಇರಲೇಬೇಕು.

ಕೈಗಾರಿಕಾ ಪ್ರದೇಶ ತರುತ್ತೇನೆ ಎಂದರೆ ಜಮೀನು ಸ್ವಾಧೀನಕ್ಕೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1) ಪ್ರಾಥಮಿಕ ಅಧಿಸೂಚನೆ ಆಗಿದೆಯೇ, 28(4) ಅಂತಿಮ ಅಧಿಸೂಚನೆ ಆಗಿದೆಯೇ ಕೇಳಿ. ಎರಡೂ ಆದ ಮೇಲೂ ಕೈಬಿಟ್ಟುಹೋಗಬಹುದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಅಧಿಸೂಚನೆ ರಾಜ್ಯಪತ್ರದಲ್ಲಿ ಗ್ರಾಮ, ಸರ್ವೆ ನಂಬರ್ ಸಮೇತ ಪ್ರಕಟವಾಗುತ್ತದೆ. ಆ ಪಟ್ಟಿಯನ್ನೂ ಅಫಿಡವಿಟ್‌ನ ಸ್ಥಿರಾಸ್ತಿ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಅಂಚಿನ ಜಮೀನುಗಳ ಖರೀದಿ ದಿನಾಂಕ ಅಧಿಸೂಚನೆಗೆ ಎಷ್ಟು ಹಿಂದಿನದು ಎಂದು ನೋಡಿ. ಆ ದಿನಾಂಕವನ್ನು ಅಭ್ಯರ್ಥಿ ತಾನೇ ಬರೆದುಕೊಟ್ಟಿರುತ್ತಾನೆ.