ಎದ್ದು ನಿಲ್ಲೋರು ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡೋದು ಮೋಸ ಅಲ್ವಾ?

ವೀಲ್‌ಚೇರ್ ಬಾಸ್ಕೆಟ್‌ಬಾಲ್ ಪಂದ್ಯದ ವಿಡಿಯೊ ಯಾರಿಗೆ ತೋರಿಸಿದರೂ ಕೊನೆಗೆ ಬರುವುದು ಇದೇ ಪ್ರಶ್ನೆ. ಗೆದ್ದ ತಂಡದ ಒಬ್ಬ ಬೆಲ್ಟ್ ಬಿಚ್ಚಿ, ಎದ್ದು ನಿಂತು, ಜೊತೆಗಾರನನ್ನು ತಬ್ಬಿಕೊಳ್ಳುತ್ತಾನೆ. "ಅಯ್ಯೋ, ಇವನ ಕಾಲು ಚೆನ್ನಾಗೇ ಇದೆಯಲ್ರೀ!" ಅಲ್ಲಿಯವರೆಗೆ ವಾಹ್ ವಾಹ್ ಅನ್ನುತ್ತಿದ್ದವರ ಮುಖ ಒಮ್ಮೆಲೇ ಸಣ್ಣದಾಗುತ್ತದೆ.

ಮೋಸ ಅಲ್ಲ. ಈ ಆಟದಲ್ಲಿ ಪ್ರತಿ ಆಟಗಾರನಿಗೂ ದೇಹ ಎಷ್ಟು ಹಿಡಿತದಲ್ಲಿದೆ ಎಂದು ನೋಡಿ 1.0ರಿಂದ 4.5ರವರೆಗೆ ಒಂದು ಅಂಕ ಕೊಡುತ್ತಾರೆ. ಸೊಂಟದ ಮೇಲೆ ಹಿಡಿತವೇ ಇಲ್ಲದವರಿಗೆ 1.0. ಎರಡೂ ಕೈ ಒಟ್ಟಿಗೆ ಮೇಲೆತ್ತಿದರೆ ಅವರು ಮುಗ್ಗರಿಸುತ್ತಾರೆ. ಎರಡೂ ಪಕ್ಕಕ್ಕೆ ಆರಾಮಾಗಿ ವಾಲಿ ಚೆಂಡು ಹಿಡಿಯಬಲ್ಲವರಿಗೆ 4.5. ಅಂಕಣದಲ್ಲಿರುವ ಐವರ ಅಂಕ ಕೂಡಿದರೆ 14 ದಾಟಬಾರದು. ಐದೂ ಜನ 4.5 ಆದರೆ 22.5 ಆಗುತ್ತದೆ. ಹಾಗಾಗಿ ಎದ್ದು ನಿಲ್ಲಬಲ್ಲವನೊಬ್ಬ ಆಡಬೇಕಾದರೆ ಪಕ್ಕದಲ್ಲಿ ಕಡಿಮೆ ಅಂಕದವರೂ ಇರಲೇಬೇಕು. ಅವರೇನು ಬರೀ ಲೆಕ್ಕ ತುಂಬಿಸಲು ಇಟ್ಟವರಲ್ಲ. ಎದುರಾಳಿಯ ಚಕ್ರಕ್ಕೆ ತಮ್ಮ ಚೇರ್ ಅಡ್ಡ ಹಾಕಿ, ಅವನು ತಿರುಗದಂತೆ ಕಟ್ಟಿಹಾಕುವುದು ಅವರ ಕೆಲಸ. ಅರ್ಧ ಪಂದ್ಯ ಗೆಲ್ಲುವುದು ಅಲ್ಲೇ.

ಇನ್ನು ಆ ಗಟ್ಟಿ ಕಾಲಿನ ಉಪಯೋಗ? ಸೀಟಿನಿಂದ ಮೇಲೆದ್ದು ಚೆಂಡು ಹಿಡಿದರೆ ಟೆಕ್ನಿಕಲ್ ಫೌಲ್. ರಿಂಗ್ ಮಾತ್ರ ನಿಂತು ಆಡುವವರದ್ದೇ ಎತ್ತರ, 3.05 ಮೀಟರ್. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿಕೊಂಡಿದ್ದ ನಾನು ಒಮ್ಮೆ ಜಂಬದಿಂದ ಆ ಚೇರಿನಲ್ಲಿ ಕೂತೆ. ಫ್ರೀ ಥ್ರೋ ಗೆರೆಯಿಂದ ಎಸೆದ ಚೆಂಡು ಬಲೆಯ ಕೆಳಗೆ ಹಾದುಹೋಯಿತು. ಎರಡನೆಯದೂ ಅಷ್ಟೆ. ಎಸೆತಕ್ಕೆ ಅರ್ಧ ಬಲ ಮೊಣಕಾಲಿನಿಂದ ಬರುತ್ತಿತ್ತು ಅನ್ನೋದು ಅವತ್ತು ಗೊತ್ತಾಯಿತು. ಚೇರಿಗೆ ಬ್ರೇಕ್ ಬೇರೆ ಇಲ್ಲ!

ಆದರೆ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಬ್ರಿಟನ್ನಿನ ಜಾರ್ಜ್ ಬೇಟ್ಸ್. ಹನ್ನೊಂದನೇ ವಯಸ್ಸಿನಲ್ಲಿ ಫುಟ್‌ಬಾಲ್ ಆಡುವಾಗ ಕಾಲಿಗೆ ಪೆಟ್ಟಾಯಿತು. ಪೆಟ್ಟು ಮಾಯಬೇಕಿತ್ತು, ನೋವು ಹೋಗಲೇ ಇಲ್ಲ. ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಎಂಬ ಕಾಯಿಲೆ ಅದು. ನರಗಳು ಸುಮ್ನೆ ಕೂರುವುದಿಲ್ಲ, ಗಾಯ ಇಲ್ಲದಿದ್ದರೂ ನೋವು ಸಾರುತ್ತಲೇ ಇರುತ್ತವೆ. ಕಾಲು ಕತ್ತರಿಸುವ ದಾರಿಯೂ ಅವರ ಮುಂದಿತ್ತು. ಅವರು ಕಾಲು ಉಳಿಸಿಕೊಂಡು, ವೀಲ್‌ಚೇರ್ ಬಾಸ್ಕೆಟ್‌ಬಾಲ್ ಹಿಡಿದರು. 2018ರಲ್ಲಿ ಹ್ಯಾಂಬರ್ಗ್‌ನಲ್ಲಿ ಬ್ರಿಟನ್ ಅಮೆರಿಕವನ್ನು 79-62ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದಾಗ ಬೇಟ್ಸ್ ಆ ತಂಡದಲ್ಲಿದ್ದರು.

2020ರಲ್ಲಿ ಎಲ್ಲ ತಿರುವುಮುರುವಾಯಿತು. ಯಾರು ಆಡಬಹುದು ಅನ್ನುವುದರಲ್ಲಿ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಒಕ್ಕೂಟ ಪ್ಯಾರಾಲಿಂಪಿಕ್ ನಿಯಮ ಪಾಲಿಸುತ್ತಿಲ್ಲ ಎಂದು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಪಟ್ಟು ಹಿಡಿಯಿತು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಿಂದ ಇಡೀ ಆಟವನ್ನೇ ಹೊರಗಿಡುವ ಬೆದರಿಕೆಯೂ ಬಂತು. 4.0 ಮತ್ತು 4.5 ಅಂಕದವರನ್ನು ಮತ್ತೆ ಪರೀಕ್ಷೆ ಮಾಡಿದರು. ಸಮಿತಿಯ ಪಟ್ಟಿಯಲ್ಲಿ ಹತ್ತು ಬಗೆಯ ನ್ಯೂನತೆಗಳಿವೆ. ಸ್ನಾಯುವಿನ ಬಲ ಇಲ್ಲದಿರುವುದು, ಕೈಕಾಲು ಇಲ್ಲದಿರುವುದು, ಕಾಲುಗಳ ಉದ್ದದಲ್ಲಿ ವ್ಯತ್ಯಾಸ, ಹೀಗೆ. ನೋವು ಅದರಲ್ಲಿಲ್ಲ. ಬೇಟ್ಸ್ ಹೊರಗೆ. ವಯಸ್ಸು ಇನ್ನೂ ಮೂವತ್ತು ಮುಟ್ಟಿರಲಿಲ್ಲ.

ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಊಟ ಸೇರಲಿಲ್ಲ. ಮತ್ತೆ ಆಡಲು ಅರ್ಹತೆ ಸಿಗಲಿ ಅಂತ ಕಾಲು ಕತ್ತರಿಸಿಕೊಳ್ಳುವ ಯೋಚನೆಯನ್ನೂ ಅವರು ಮಾಡಿದ್ದರಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು ಅಂತ ನಾವು ಗಾದೆ ಹೇಳುತ್ತೇವೆ. ಇಲ್ಲಿ ನಿಯಮವೇ ಅಲ್ಲಿಗೆ ತಂದು ನಿಲ್ಲಿಸಿತ್ತು.

ಸಮಿತಿಯವರು ಕಲ್ಲು ಹೃದಯದವರು ಅಂತ ನಾನು ಹೇಳುವುದಿಲ್ಲ. 2000ದ ಸಿಡ್ನಿಯಲ್ಲಿ ಬೌದ್ಧಿಕ ನ್ಯೂನತೆ ಇರುವವರ ಬಾಸ್ಕೆಟ್‌ಬಾಲ್‌ನಲ್ಲಿ ಸ್ಪೇನ್ ಚಿನ್ನ ಗೆದ್ದಿತ್ತು. ಆಮೇಲೆ ನೋಡಿದರೆ 12 ಜನರಲ್ಲಿ 10 ಜನಕ್ಕೆ ನ್ಯೂನತೆಯೇ ಇರಲಿಲ್ಲ. ಪದಕ ವಾಪಸ್. ಅಂಥ ಬಿಸಿ ತಾಗಿದ ಮೇಲೆ ಅಳೆಯಲು ಬರುವುದನ್ನು ಮಾತ್ರ ನಂಬುತ್ತೇವೆ ಅನ್ನುವುದು ಸಹಜ. ನೋವನ್ನು ಅಳೆಯೋದು ಹೇಗೆ? ನಮ್ಮಲ್ಲೂ ಅಂಗವಿಕಲರ ಸರ್ಟಿಫಿಕೇಟಿನಲ್ಲಿ 40% ಅಂತ ಬಂದರೆ ಸೌಲಭ್ಯ ಸಿಗುವ ಒಂದು ಲೋಕ, 35% ಅಂತ ಬಂದರೆ ಸಿಗದ ಇನ್ನೊಂದು ಲೋಕ. ಮನೆಯಲ್ಲಿ ಯಾರಿಗಾದರೂ ಅದನ್ನು ಮಾಡಿಸಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆದರೂ ಬೇಟ್ಸ್ ವಿಷಯದಲ್ಲಿ ನಡೆದದ್ದು ತಪ್ಪು ಅಂತಲೇ ನನ್ನ ಮಾತು. ಯಾರಿಗೂ ಗೊತ್ತಾಗದಂತೆ ಅವರು ಒಳಗೆ ನುಸುಳಿರಲಿಲ್ಲ. ಆಟದ ಒಕ್ಕೂಟವೇ ಪರೀಕ್ಷಿಸಿ ಅಂಕ ಕೊಟ್ಟು ವರ್ಷಗಟ್ಟಲೆ ಆಡಿಸಿತ್ತು. 14ರ ಲೆಕ್ಕ ಇರುವಾಗ ಅವರಿಂದ ಯಾರಿಗೂ ಅನ್ಯಾಯವೂ ಆಗುತ್ತಿರಲಿಲ್ಲ. ಜರ್ಮನಿಯ ಲೀಗ್‌ನಲ್ಲಂತೂ ಯಾವ ನ್ಯೂನತೆಯೂ ಇಲ್ಲದವರೂ 4.5 ಅಂತ ಕೂತು ಆಡುತ್ತಾರೆ. ಯಾರೂ ಮೋಸ ಅನ್ನಲ್ಲ.

ಬ್ರಿಟನ್ ತಂಡ ಟೋಕಿಯೊದಲ್ಲಿ ಕಂಚು ಗೆದ್ದಿತು. 2024ರಲ್ಲಿ ಪ್ಯಾರಿಸ್‌ನ ಫೈನಲ್‌ನಲ್ಲಿ ಮತ್ತೆ ಅದೇ ಅಮೆರಿಕ ಎದುರಾಯಿತು. ಬೇಟ್ಸ್ ಇಲ್ಲದ ಆ ತಂಡ 69-73ರಿಂದ ಸೋತಿತು. ನಾಲ್ಕೇ ಪಾಯಿಂಟ್.