ನಮ್ಮ ಸ್ವರ ನಮಗೇ ಕೇಳಿಸಲು 70 ಸಾವಿರ

ಕಳೆದ ಜನವರಿಯಲ್ಲಿ ಮಂಗಳೂರಿನ ಕುಲಶೇಖರದ ಹತ್ತಿರ ಒಂದು ಮನೆಯ ರೋಸ್‌ಗೆ (ನಮ್ಮ ಕಡೆಯ ಕ್ರೈಸ್ತರು ಮದುವೆಗೆ ಮೊದಲು ಮಾಡುವ ಶಾಸ್ತ್ರ) ನಮ್ಮ ಬ್ಯಾಂಡ್ ಹೋಗಿತ್ತು. ಅಂಗಳದಲ್ಲಿ ಚಪ್ಪರ, ಮದುಮಗಳಿಗೆ ತೆಂಗಿನಹಾಲು ಹಚ್ಚಿ ಆಗಿತ್ತು, ಎಲ್ಲರೂ ಕುಣಿಯುವ ಹುರುಪಿನಲ್ಲಿದ್ದರು. ಎರಡನೇ ಹಾಡಿನ ಮಧ್ಯೆ ನಮ್ಮ ಹಾಡುಗಾರ್ತಿ ನನ್ನ ಕಡೆ ತಿರುಗಿ, "ಎಂತ ಮಾರಾಯ, ನನ್ನ ಸ್ವರ ನನಗೇ ಕೇಳುದಿಲ್ಲ" ಎಂದಳು. ಹಾಡುವವರಿಗೇ ಕೇಳಲೆಂದು ಅವರ ಕಡೆ ತಿರುಗಿಸಿಟ್ಟ ಸ್ಪೀಕರ್, ಅಂದರೆ ಮಾನಿಟರಿನ ನಾಬ್ ಏರಿಸಿದೆ, ಕುಂಯ್ ಎಂದು ವಿಸಿಲ್ ಹೊಡೆಯಿತು. ಇಳಿಸಿದೆ, ಮತ್ತೆ ಕೇಳುವುದಿಲ್ಲ. ಅಷ್ಟರಲ್ಲಿ ಅಂಕಲ್ ಒಬ್ಬರು ಬಂದು "ಹೊರಗೆ ಸ್ವರ ಜಾಸ್ತಿ ಆಯ್ತು, ಸ್ವಲ್ಪ ಕಡಿಮೆ ಮಾಡಿ" ಎಂದರು. ನಾನು ಅವಳ ಮೈಕಿನ ಫೇಡರ್ (ಸ್ವರ ಏರಿಸಿ ಇಳಿಸುವ ಜಾರುಗುಂಡಿ) ಕೆಳಗೆಳೆದೆ. ಮಾನಿಟರಿನಲ್ಲಿ ಇದ್ದ ಚೂರುಪಾರು ಸ್ವರವೂ ಹೋಯಿತು! ಆ ಹಾಡನ್ನು ಅವಳು ಯಾವ ಶ್ರುತಿಯಲ್ಲಿ ಮುಗಿಸಿದಳು ಎಂದು ಕೇಳಬೇಡಿ, ಅವತ್ತಿನ ವಿಡಿಯೊ ನಮ್ಮ ಗ್ರೂಪಿನಲ್ಲಿ ಈಗಲೂ ಓಡಾಡುತ್ತಿದೆ.

ಎಲ್ಲರ ಶಬ್ದ ಸೇರಿಸಿ ಹದ ಮಾಡುವ ಮಿಕ್ಸರ್ ಬಾಡಿಗೆಯದ್ದು. ಕೆಟ್ಟಿರಲಿಲ್ಲ, ನನಗೇ ಗೊತ್ತಿರಲಿಲ್ಲ ಅಷ್ಟೆ. ಮಾನಿಟರಿಗೆ ಸಿಗ್ನಲ್ ಕಳಿಸುವ ಆಕ್ಸ್ ಎಂಬ ದಾರಿಯಲ್ಲಿ ಎರಡು ಜಾತಿ ಉಂಟು. ಫೇಡರಿಗಿಂತ ಮೊದಲೇ ಸಿಗ್ನಲ್ ತೆಗೆಯುವುದು ಪ್ರೀ-ಫೇಡರ್, ಫೇಡರ್ ದಾಟಿದ ಮೇಲೆ ತೆಗೆಯುವುದು ಪೋಸ್ಟ್-ಫೇಡರ್. ಪೋಸ್ಟ್ ಆದರೆ ಹೊರಗಿನ ಸ್ಪೀಕರಿಗೆ ಕಡಿಮೆ ಮಾಡಿದಷ್ಟೂ ಒಳಗೂ ಕಡಿಮೆ. ಎಕೋ, ರಿವರ್ಬ್‌ಗೆ ಅದೇ ಸರಿ. ಮಾನಿಟರಿಗೆ ಮಾತ್ರ ಪ್ರೀ ಬೇಕೇ ಬೇಕು. ಇಷ್ಟು ತಿಳಿಯಲು ನನಗೆ ಒಂದು ರೋಸ್ ಹಾಳಾಗಬೇಕಾಯಿತು.

ಹೀಗೆ ನಮ್ಮದೇ ಸೆಟ್ ಮಾಡಿಕೊಳ್ಳೋಣ ಎಂದು ಐದು ಜನ 14 ಸಾವಿರದಂತೆ ಹಾಕಿದೆವು. ಒಟ್ಟು 70. ಹೊರಗಿನ ದೊಡ್ಡ ಸ್ಪೀಕರ್ ಹೇಗೂ ಸೌಂಡ್‌ನವರು ತರುತ್ತಾರೆ, ಹಾಗಾಗಿ ನಮಗೆ ಬೇಕಾದ್ದು ಮಿಕ್ಸರ್ ಮತ್ತು ಮಾನಿಟರ್ ಮಾತ್ರ.

ಹಂಪನಕಟ್ಟೆಯ ಅಂಗಡಿಯಲ್ಲಿ ಮೊದಲು ಕೇಳಿದ್ದೇ "ಎಷ್ಟು ಚಾನೆಲ್ ಬೇಕು ಸರ್?" ಎಂದು. ಡಬ್ಬದ ಮೇಲಿನ ಆ ನಂಬರ್ ನಂಬಿದರೆ ಕೆಟ್ಟಿರಿ. ಯಮಹಾದ ಎಂಜಿ10ಎಕ್ಸ್‌ಯು ನೋಡಿ, ಹೆಸರಿನಲ್ಲಿ 10 ಇದೆ, ಮೈಕ್ ಹಾಕಬಹುದಾದದ್ದು 4. ಉಳಿದದ್ದು ಕೀಬೋರ್ಡಿನಂಥವಕ್ಕೆ ಜೋಡಿ ಲೈನ್ ಇನ್‌ಪುಟ್. ಎಂಜಿ12ಎಕ್ಸ್‌ಯುನಲ್ಲಿ ಮೈಕ್ 6. ನಾವು ಕಾಗದದಲ್ಲಿ ಬರೆದು ಲೆಕ್ಕ ಹಾಕಿದೆವು: ಹಾಡುವ ಮೈಕ್ 3, ಕಹೋನ್‌ಗೆ (ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ) 1, ಗಿಟಾರ್ ಮತ್ತು ಬೇಸ್ ಡಿಐ ಬಾಕ್ಸ್ (ಅವುಗಳ ಸಿಗ್ನಲನ್ನು ಮೈಕ್ ಇನ್‌ಪುಟ್ಟಿಗೆ ಹೊಂದಿಸುವ ಡಬ್ಬಿ) ಮೂಲಕ ಬರುವುದರಿಂದ ಅವಕ್ಕೂ ಮೈಕ್ ಇನ್‌ಪುಟ್ಟೇ ಬೇಕು, ಅಂದರೆ 6. ಕೀಬೋರ್ಡ್ ಒಂದು ಜೋಡಿ, ರಿದಮ್ ಪ್ಯಾಡ್ ಒಂದು ಜೋಡಿ. ಎಂಜಿ12 ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಬಿಲ್ ಮಾಡಿಸುವುದೇ ಬಾಕಿ.

ಆಮೇಲೆ ಆಕ್ಸ್ ಎಣಿಸಿದೆ. ಎರಡು. ಅದರಲ್ಲಿ ಒಂದು ಎಫೆಕ್ಟಿಗೆ. ಅಂದರೆ ಐದು ಜನಕ್ಕೂ ಒಂದೇ ಮಾನಿಟರ್ ಮಿಕ್ಸ್. ಹಾಡುವವರಿಗೆ ಸ್ವರ ಬೇಕು, ಬೇಸಿನವನಿಗೆ ಕಹೋನ್ ಬೇಕು, ನನಗೆ ನನ್ನ ಕೀಬೋರ್ಡ್ ಬೇಕು (ಎಲ್ಲರ ದೂರು ಏನೆಂದರೆ ನನಗೆ ನನ್ನದು ಮಾತ್ರ ಬೇಕು). ಒಂದೇ ಮಿಕ್ಸಿನಲ್ಲಿ ಇದೆಲ್ಲ ತುರುಕಿದರೆ ಒಬ್ಬರು ಏರಿಸು ಅನ್ನುತ್ತಾರೆ, ಅದು ಎಲ್ಲರಿಗೂ ಏರುತ್ತದೆ, ಇನ್ನೊಬ್ಬರು ಅದರ ಮೇಲೆ ಏರಿಸು ಅನ್ನುತ್ತಾರೆ, ಕೊನೆಗೆ ವಿಸಿಲ್. ಇಬ್ಬರೇ ಹಾಡಿ ನುಡಿಸುವ ಜೋಡಿಯಾದರೆ ಎಂಜಿ12 ಸುಮ್ನೆ ತೆಗೆದುಕೊಳ್ಳಿ, ನೀಟಾದ ಮಿಕ್ಸರ್. ಐದು ಜನಕ್ಕೆ ಆಗುವುದಿಲ್ಲ.

ಹೆಚ್ಚು ಆಕ್ಸ್ ಇರುವ ಅನಲಾಗ್ ಬೇಕೆಂದರೆ ಸೈಜೂ ದೊಡ್ಡದಾಗುತ್ತದೆ, ರೇಟೂ. ಅಷ್ಟು ಕೊಡುವುದಾದರೆ ವೈಫೈ ಮೂಲಕ ಟ್ಯಾಬ್‌ನಲ್ಲಿ ನಡೆಸುವ ಡಿಜಿಟಲ್ ಯಾಕಾಗಬಾರದು ಅಲ್ವಾ? ಬೆರಿಂಗರ್ ಎಕ್ಸ್‌ಆರ್18ರಲ್ಲಿ 16 ಮೈಕ್ ಇನ್‌ಪುಟ್, 6 ಆಕ್ಸ್ ಔಟ್. ಅದರ ತಮ್ಮ ಎಕ್ಸ್‌ಆರ್12ರಲ್ಲಿ ಮೈಕ್ 4, ಆಕ್ಸ್ 2, ಹಾಗಾಗಿ ಕಡಿಮೆಗೆ ಸಿಗುತ್ತದೆಂದು ಅದಕ್ಕೆ ಕೈ ಹಾಕಬೇಡಿ. ಸೌಂಡ್‌ಕ್ರಾಫ್ಟಿನ ಯುಐ ಸರಣಿಯೂ ಇದೇ ತರದ್ದು. ಹೊಸದು ನಮ್ಮ ಕೈಗೆ ಎಟುಕಲಿಲ್ಲ. ಆದರೆ ನಮ್ಮ ಊರಿನವರಿಗೆ ಒಂದು ಅನುಕೂಲ ಉಂಟು: ಮಣಿಪಾಲ. ಕೋರ್ಸ್ ಮುಗಿದು ಊರಿಗೆ ಹೊರಡುವ ಹುಡುಗರು ಗಿಟಾರ್, ಆಂಪ್, ಸೈಕಲ್ ಎಲ್ಲ ಮಾರಿ ಹೋಗುತ್ತಾರೆ. ಅಂಥ ಒಂದು ಬ್ಯಾಂಡಿನಿಂದ 6 ಆಕ್ಸ್‌ನ ಮಿಕ್ಸರ್ 36 ಸಾವಿರಕ್ಕೆ ಸಿಕ್ಕಿತು. ಹೋಗಿ ಎರಡು ಗಂಟೆ ಕೂತು ಒಂದೊಂದು ಇನ್‌ಪುಟ್ಟಿಗೂ ಮೈಕ್ ಸಿಕ್ಕಿಸಿ ನೋಡಿ, 48 ವೋಲ್ಟ್ ಫ್ಯಾಂಟಮ್ (ಕೆಲವು ಮೈಕ್‌ಗಳಿಗೆ ಕೇಬಲ್ಲಿನಲ್ಲೇ ಹೋಗುವ ಪವರ್) ಎಲ್ಲದರಲ್ಲೂ ಬರುತ್ತದಾ ಎಂದು ಪರೀಕ್ಷಿಸಿಯೇ ದುಡ್ಡು ಕೊಟ್ಟದ್ದು. ಸೆಕೆಂಡ್ ಹ್ಯಾಂಡ್ ತೆಗೆಯುವಾಗ ನಾಚಿಕೆ ಪಡಬೇಡಿ.

ಇನ್ನು ಮಾನಿಟರ್. ಬೇಸಿನವನ ಮಾವನ ಮನೆಯ ಅಟ್ಟದಲ್ಲಿ 8 ಓಮ್‌ನ ಎರಡು ಹಳೇ ಪ್ಯಾಸಿವ್ (ಒಳಗೆ ಆಂಪ್ ಇಲ್ಲದ) ಸ್ಪೀಕರ್ ಮತ್ತು ಅವಕ್ಕೆ ಪವರ್ ಕೊಡುವ ಒಂದು ಆಂಪ್ ಇತ್ತು. ಬಿಟ್ಟಿ ಸಿಕ್ಕಿದ್ದು ಯಾಕೆ ಬಿಡುವುದು ಎಂದು ಮೊದಲು ಅದನ್ನೇ ನೋಡಿದೆವು. 8 ಓಮ್‌ನ ಎರಡನ್ನು ಆಂಪಿನ ಒಂದೇ ಚಾನೆಲ್ಲಿಗೆ ಪ್ಯಾರಲಲ್ ಕೊಟ್ಟರೆ 4 ಓಮ್, ಮೂರನೆಯದ್ದು ಸೇರಿಸಿದರೆ ಸುಮಾರು 2.7. ಬಹಳಷ್ಟು ಆಂಪ್‌ಗಳು 4ರ ಕೆಳಗೆ ಇಳಿದರೆ ಬಿಸಿಯಾಗಿ ಕೈ ಕೊಡುತ್ತವೆ. ಅದೂ ಅಲ್ಲದೆ ಆಂಪ್ ಹೊರಲು ಒಬ್ಬ, ಸ್ಪೀಕರ್ ಕೇಬಲ್ ಬೇರೆ, ಗಿಟಾರಿನ ಕೇಬಲ್ಲನ್ನೇ ಸ್ಪೀಕರಿಗೆ ಸಿಕ್ಕಿಸುವ ಬುದ್ಧಿವಂತರು ಬೇರೆ. ನಾಲ್ಕು ಸಲ ಪ್ರಾಕ್ಟೀಸ್ ಮಾಡಿ ಅದನ್ನು ವಾಪಸ್ ಅಟ್ಟಕ್ಕೆ ಹತ್ತಿಸಿದೆವು. ಆಂಪ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ಸಣ್ಣ ಬ್ಯಾಂಡಿಗೆ ಸುಖ. ಮಿಕ್ಸರಿನಿಂದ ಒಂದು ಎಕ್ಸ್‌ಎಲ್‌ಆರ್ (ಮೈಕಿನ ಮೂರು ಪಿನ್ನಿನ) ಕೇಬಲ್, ಗೋಡೆಯಿಂದ ಒಂದು ಕರೆಂಟ್, ಮುಗಿಯಿತು.

ಅಂಗಡಿಯಲ್ಲಿ "1000 ವ್ಯಾಟ್" ಎಂಬ ಸ್ಟಿಕ್ಕರ್ ತೋರಿಸುತ್ತಾರೆ. ಅದು ಹೆಚ್ಚಾಗಿ ಪೀಕ್ ಲೆಕ್ಕ, ನೋಡಬೇಕಾದ್ದು ನಿರಂತರ ಕೊಡುವ ಪವರ್. ಅದನ್ನೂ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ವ್ಯಾಟ್ ದುಪ್ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. ಅದೇ ಮಾನಿಟರನ್ನು 2 ಮೀಟರ್ ದೂರದಿಂದ 1 ಮೀಟರಿಗೆ ಎಳೆದರೆ ಬಯಲಿನಲ್ಲಿ ಹತ್ತಿರಹತ್ತಿರ 6 ಡೆಸಿಬೆಲ್ ಲಾಭ, ಒಂದು ಪೈಸೆ ಖರ್ಚಿಲ್ಲ. ಇಡುವ ಜಾಗವೂ ಮುಖ್ಯ. ಎಸ್‌ಎಂ58ರಂಥ ಕಾರ್ಡಿಯಾಯ್ಡ್ (ಎದುರಿನ ಶಬ್ದವನ್ನೇ ಹೆಚ್ಚು ಹಿಡಿಯುವ) ಮೈಕಿಗೆ ನೇರ ಬೆನ್ನ ಹಿಂದಿನಿಂದ ಬರುವ ಶಬ್ದ ತೀರಾ ಕಡಿಮೆ ಕೇಳಿಸುತ್ತದೆ, ಹಾಗಾಗಿ ಮಾನಿಟರ್ ಅಲ್ಲಿಡಬೇಕು. ಬೀಟಾ 58ಎಯಂಥ ಸೂಪರ್‌ಕಾರ್ಡಿಯಾಯ್ಡ್ (ಎದುರಿನದ್ದನ್ನು ಇನ್ನೂ ಕಿರಿದಾಗಿ ಹಿಡಿಯುವ) ಮೈಕ್ ಆದರೆ ನೇರ ಹಿಂದೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ಮೈಕಿನ ಜಾಲಿಯ ತಲೆಯನ್ನು ಕೈಯಲ್ಲಿ ಮುಚ್ಚಿ ಹಿಡಿದು ಹಾಡುವ ಸ್ಟೈಲ್ ಮಾಡಿದರೆ ಈ ಲೆಕ್ಕವೆಲ್ಲ ನೀರಲ್ಲಿ ಹೋಮ.

ಕೊನೆಗೆ ನಾವು ಕೊಂಡದ್ದು ಒಂದೇ ಒಂದು 12 ಇಂಚಿನ ಆಕ್ಟಿವ್, 18 ಸಾವಿರ. ಅದು ಮುಂದೆ ಹಾಡುವ ಇಬ್ಬರಿಗೆ. ಉಳಿದ ಮೂವರು ಹೇಗೂ ಕೂತಲ್ಲಿಂದ ಏಳುವುದಿಲ್ಲ, ಹಾಗಾಗಿ ನಮಗೆ ವಯರಿನ ಹೆಡ್‌ಫೋನ್ ಆಂಪ್ ಮತ್ತು ಇಯರ್‌ಫೋನ್. ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿ, ಮೂರಕ್ಕೂ ಸೇರಿ 9 ಸಾವಿರ ಆಯಿತು. ವೈರ್‌ಲೆಸ್ ಆಸೆ ಎಲ್ಲರಿಗೂ ಇತ್ತು, ದುಡ್ಡು ಇರಲಿಲ್ಲ. ಮುಂದಿನ ಇಬ್ಬರಿಗೆ ಸೇರಿ ಒಂದು ಆಕ್ಸ್, ನಮಗೆ ಮೂವರಿಗೆ ಒಂದೊಂದು, ಅವರವರ ಮಿಕ್ಸ್ ಅವರವರ ಫೋನಿನಲ್ಲಿ. "ಏರಿಸು, ಇಳಿಸು" ಎಂದು ನನ್ನ ಮುಖ ನೋಡುವುದು ನಿಂತಿದೆ. ವೇದಿಕೆಯ ಶಬ್ದವೂ ಎಷ್ಟು ಇಳಿಯಿತೆಂದರೆ, ಮನೆಯಂಗಳದಲ್ಲಿ ಪಕ್ಕದ ಮನೆಯವರು ಬಂದು ನಿಲ್ಲುವುದು ಕಡಿಮೆಯಾಗಿದೆ. ರಾತ್ರಿ 10ಕ್ಕೆ ಸ್ಪೀಕರ್ ಬಂದ್ ಮಾಡಬೇಕು, ಅದು ಬೇರೆ ವಿಷಯ.

ಉಳಿದ 7 ಸಾವಿರದಲ್ಲಿ ಕೇಬಲ್, ಸಣ್ಣ ರೂಟರ್, ಸಣ್ಣ ಯುಪಿಎಸ್. ರೂಟರ್, ಯುಪಿಎಸ್ ಎರಡಕ್ಕೆ ಕಂಜೂಸಿ ಮಾಡಬೇಡಿ. ಹಾಲ್ ತುಂಬ ಜನರ ಫೋನ್ ಇರುವಾಗ 2.4 ಗಿಗಾಹರ್ಟ್ಸ್ ವೈಫೈ ಅಂದರೆ ಹಬ್ಬದ ದಿನದ ರಥಬೀದಿ, 5 ಗಿಗಾಹರ್ಟ್ಸ್ ಇರುವ ರೂಟರ್ ಕೇಬಲ್‌ನಲ್ಲಿ ಮಿಕ್ಸರಿಗೆ ಜೋಡಿಸಿದರೆ ನಿಶ್ಚಿಂತೆ. ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿದರೂ ಡಿಜಿಟಲ್ ಮಿಕ್ಸರ್ ಮೊದಲಿನಿಂದ ಏಳಬೇಕು, ಅಷ್ಟು ಹೊತ್ತು ಮದುಮಗ ಮದುಮಗಳು ಬಾಯಿ ಬಿಟ್ಟು ನಿಂತಿರುತ್ತಾರೆ. ಸ್ಪೀಕರಿನಲ್ಲಿ ಹಮ್ (ಗುಂಯ್ ಎಂಬ ಕರೆಂಟಿನ ಶಬ್ದ) ಬಂದರೆ ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಟ್ಟು ನೋಡಿ, ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಹಳೇ ಉಪಾಯ ಮಾತ್ರ ಬೇಡ, ಮೈಕಿಗೆ ತುಟಿ ತಾಗುವುದು ನಿಮ್ಮ ಹಾಡುಗಾರರದ್ದು.

ಮಳೆಗಾಲದ ಬಗ್ಗೆ ಒಂದು ಮಾತು. ನಮ್ಮ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವ ಸೇರಿ ಅನಲಾಗ್ ಫೇಡರುಗಳನ್ನು ಕರಕರ ಮಾಡಿಬಿಡುತ್ತವೆ, ಜಾಕ್‌ಗಳಿಗೆ ಹಸಿರು ಹಿಡಿಯುತ್ತದೆ. ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ವಾರಕ್ಕೊಮ್ಮೆ ಹೊರಗೆ ತೆಗೆದು ಅರ್ಧ ಗಂಟೆ ಆನ್ ಮಾಡುವುದು, ನಾವು ಮಾಡುವುದು ಇಷ್ಟೇ.

ಮೊದಲ ಕಾರ್ಯಕ್ರಮ ಮಲ್ಪೆಯಲ್ಲಿ. ಎಲ್ಲ ಚಂದ ನಡೆಯುತ್ತಿತ್ತು, ಆರನೇ ಹಾಡಿನಲ್ಲಿ ಟ್ಯಾಬ್ ಚಾರ್ಜ್ ಇಲ್ಲದೆ ಸತ್ತಿತು. ಚಾರ್ಜ್ ಮಾಡಬೇಕಿದ್ದವ ನಾನೇ. ಪುಣ್ಯಕ್ಕೆ ಮಿಕ್ಸರ್ ಇದ್ದ ಸೆಟ್ಟಿಂಗಿನಲ್ಲೇ ಓಡುತ್ತಿತ್ತು, ಹಾಡುಗಾರ್ತಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಅವಳ ಸ್ವರ ಕೇಳುತ್ತಿತ್ತು. ನಾನೂ ಹೇಳಲಿಲ್ಲ, ಇದನ್ನು ಓದಿದ ಮೇಲೆ ಬೈಗುಳ ಉಂಟು.