ಹೊರಗಿನ ಸ್ಕಾಲರ್‌ಶಿಪ್ ಎಲ್ಲಿ ಹುಡುಕಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದೊಡನೆ ತಂದೆತಾಯಂದಿರು ನನ್ನನ್ನು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ಕಾಲೇಜು ಕೊಡುವ ನೆರವು ಸಾಲದೆ ಹೋದರೆ, ಹೊರಗಿನ ಸಂಸ್ಥೆಗಳ ಸ್ಕಾಲರ್‌ಶಿಪ್ಪುಗಳನ್ನೂ ಅನುದಾನಗಳನ್ನೂ ಎಲ್ಲಿ ಹುಡುಕಬೇಕು? ಕೇಳುವವರ ಕಣ್ಣು ಸಾಮಾನ್ಯವಾಗಿ ದೇಶದಾದ್ಯಂತ ಹೆಸರಾದ ದೊಡ್ಡ ಮೊತ್ತಗಳ ಮೇಲಿರುತ್ತದೆ. ಹೊರಗಿನ ಹಣವನ್ನು ಮನೆಗೆ ಹತ್ತಿರದಲ್ಲಿ ಹುಡುಕಿ ಎಂದೂ, ಹುಡುಕಾಟಕ್ಕೆ ಇಳಿಯುವ ಮುಂಚೆಯೇ ಆ ಹಣ ಬಂದರೆ ನಿಮ್ಮ ಕಾಲೇಜು ಏನು ಮಾಡುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ ಎಂದೂ ನಾನು ಹೇಳಿದಾಗ ಅವರಿಗೆ ಸ್ವಲ್ಪ ನಿರಾಸೆಯಾಗುವುದನ್ನು ಕಂಡಿದ್ದೇನೆ. ಆದರೂ ಅದನ್ನೇ ಹೇಳುತ್ತೇನೆ. ಕಾರಣಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊರಗಿನ ಹಣದ ಮಾತಿಗೆ ಮೊದಲು ಒಳಗಿನ ಹಣದ ಲೆಕ್ಕ ಮುಗಿಯಬೇಕು. ಈ ದೇಶದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಿಗುವ, ಹಿಂದಿರುಗಿಸಬೇಕಾಗಿಲ್ಲದ ನೆರವಿನ ಬಹುಪಾಲು ಬರುವುದು ಕಾಲೇಜುಗಳ ಸ್ವಂತ ನಿಧಿಯಿಂದ, ಫೆಡರಲ್ ಸರ್ಕಾರದಿಂದ ಮತ್ತು ರಾಜ್ಯ ಸರ್ಕಾರಗಳಿಂದ; ಖಾಸಗಿ ದಾನಿಗಳದ್ದು ಚಿಕ್ಕ ಪಾಲು. ಆ ದೊಡ್ಡ ಪಾಲಿನ ಬಾಗಿಲು ಫಾಫ್ಸಾ ಎಂದು ಎಲ್ಲರೂ ಕರೆಯುವ ಅರ್ಜಿ. ಅದು ಸಾಮಾನ್ಯವಾಗಿ ಪ್ರತಿವರ್ಷ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ, ಅದಕ್ಕೆ ಶುಲ್ಕವಿಲ್ಲ. 1972ರಲ್ಲಿ ಆರಂಭವಾಗಿ 1980ರಲ್ಲಿ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರು ಪಡೆದ ಪೆಲ್ ಅನುದಾನ 2025-26ನೇ ಸಾಲಿನಲ್ಲಿ ಗರಿಷ್ಠ 7,395 ಡಾಲರ್; ಅದನ್ನು ಪಡೆಯುವ ದಾರಿಯೂ ಈ ಅರ್ಜಿಯೇ. ಅನೇಕ ಖಾಸಗಿ ಕಾಲೇಜುಗಳು ಇದರ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ನಮ್ಮ ಆದಾಯಕ್ಕೆ ಏನೂ ಬರುವುದಿಲ್ಲ ಎಂದು ಫಾಫ್ಸಾವನ್ನು ಕೈಬಿಡುವ ಕುಟುಂಬಗಳಿಗೆ ನನ್ನ ಬಿನ್ನಹ ಇಷ್ಟೇ: ಅದರಿಂದ ಹೊರಡುವ ಸಹಾಯ ಸೂಚ್ಯಂಕವನ್ನು, ಎಂದರೆ ಕುಟುಂಬ ಎಷ್ಟು ಕೊಡಬಲ್ಲದು ಎಂದು ಅಂದಾಜಿಸುವ ಅಂಕೆಯನ್ನು, ಅನೇಕ ಹೊರಗಿನ ದಾನಿಗಳೂ ಕೇಳುತ್ತಾರೆ, ಆದ್ದರಿಂದ ಅದನ್ನು ತುಂಬದೆ ಇರುವುದು ಎರಡು ಕಡೆಯ ದಾರಿಯನ್ನೂ ಮುಚ್ಚಿಕೊಂಡಂತೆ.

ನಮ್ಮವರಲ್ಲಿ ಅನೇಕರಿಗೆ ಇಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಕಾನೂನು ಹೆಸರಿಸಿರುವ ಇನ್ನು ಕೆಲವು ವರ್ಗದವರಿಗೆ ಮಾತ್ರ ಫೆಡರಲ್ ನೆರವು ದೊರೆಯುತ್ತದೆ. ಎಚ್‌-4 ಎಂಬ, ಉದ್ಯೋಗ ವೀಸಾದವರ ಮನೆಮಂದಿಗೆ ಕೊಡುವ ವೀಸಾದಲ್ಲಿರುವ ಮಕ್ಕಳು ಬಾಲ್ಯದಿಂದಲೂ ಇಲ್ಲಿಯೇ ಓದಿ ಬೆಳೆದಿದ್ದರೂ ಅವರಿಗೆ ಪೆಲ್ ಅನುದಾನವಿಲ್ಲ, ಫೆಡರಲ್ ಸಾಲವೂ ಇಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಾನುಗಟ್ಟಲೆ ಕಾಯುತ್ತಿರುವ ಮನೆಗಳಲ್ಲಿ ಇದು ಎಷ್ಟು ನೋವಿನ ಸಂಗತಿ ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ. ಹೊರಗಿನ ಸಂಸ್ಥೆಗಳು ಈ ನಿಯಮಕ್ಕೆ ಬದ್ಧವಲ್ಲ, ತಮ್ಮ ಷರತ್ತುಗಳನ್ನು ತಾವೇ ಗೊತ್ತುಮಾಡುತ್ತವೆ. ಕೋಕಾ-ಕೋಲಾ ಸ್ಕಾಲರ್ಸ್, ಗೇಟ್ಸ್ ಸ್ಕಾಲರ್‌ಶಿಪ್, ನ್ಯಾಷನಲ್ ಮೆರಿಟ್ ಇವೆಲ್ಲ ಪೌರತ್ವವನ್ನೋ ಶಾಶ್ವತ ನಿವಾಸವನ್ನೋ ನೋಡುತ್ತವೆ. ಜ್ಯಾಕ್ ಕೆಂಟ್ ಕುಕ್ ಪ್ರತಿಷ್ಠಾನದ ಕಾಲೇಜು ಸ್ಕಾಲರ್‌ಶಿಪ್ ಮತ್ತು ರೀಜೆನೆರಾನ್ ವಿಜ್ಞಾನ ಸ್ಪರ್ಧೆ ಪೌರತ್ವ ಕೇಳುವುದಿಲ್ಲ. ಎಚ್‌-4 ಮಕ್ಕಳು ಯಾವುದೇ ಅರ್ಜಿಯಲ್ಲಿ ಪ್ರಬಂಧದ ವಿಷಯವನ್ನು ನೋಡುವುದಕ್ಕೂ ಮುಂಚೆ ಅರ್ಹತೆಯ ಸಾಲನ್ನು ಓದಬೇಕು. ಅದು ಅಸ್ಪಷ್ಟವಾಗಿದ್ದರೆ ಸಂಸ್ಥೆಗೆ ಒಂದು ಇಮೇಲ್ ಬರೆದು ಕೇಳಬೇಕು.

ಈಗ ಅತಿ ಮುಖ್ಯವಾದ, ಆದರೆ ಅತಿ ಕಡಿಮೆ ಜನ ಕೇಳುವ ಸಂಗತಿಗೆ ಬರುತ್ತೇನೆ. ಹೊರಗಿನಿಂದ ಬಂದ ಸ್ಕಾಲರ್‌ಶಿಪ್ಪನ್ನು ವಿದ್ಯಾರ್ಥಿ ತನ್ನ ಕಾಲೇಜಿಗೆ ತಿಳಿಸಲೇಬೇಕು, ಕಾಲೇಜು ಅದನ್ನು ನೆರವಿನ ಒಟ್ಟು ಲೆಕ್ಕಕ್ಕೆ ಸೇರಿಸಲೇಬೇಕು. ಅಗತ್ಯವನ್ನು (ಒಟ್ಟು ಖರ್ಚಿನಲ್ಲಿ ಕುಟುಂಬ ಕೊಡಬಲ್ಲದ್ದನ್ನು ಕಳೆದು ಉಳಿಯುವ ಮೊತ್ತವನ್ನು) ಆಧರಿಸಿ ಕೊಡುವ ನೆರವು ಆ ಅಗತ್ಯವನ್ನು ಮೀರಬಾರದು ಎಂಬ ನಿಯಮವಿರುವುದರಿಂದ, ಮೀರಿದಷ್ಟನ್ನು ಕಾಲೇಜು ಯಾವುದಾದರೂ ಒಂದು ಕಡೆಯಿಂದ ಕಡಿತ ಮಾಡುತ್ತದೆ. ಎಲ್ಲಿಂದ ಎಂಬುದರ ಮೇಲೆ ನಿಮ್ಮ ಇಡೀ ಪರಿಶ್ರಮದ ಫಲ ನಿಂತಿದೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಕಾಲೇಜಿನ ವರ್ಷದ ಒಟ್ಟು ಖರ್ಚು 60,000 ಡಾಲರ್, ಕುಟುಂಬ 20,000 ಕೊಡಬಲ್ಲದು ಎಂದು ಸೂಚ್ಯಂಕ ಹೇಳಿದೆ ಎಂದಿಟ್ಟುಕೊಳ್ಳಿ, ಅಗತ್ಯ 40,000. ಕಾಲೇಜು 34,000 ಡಾಲರನ್ನು ಅನುದಾನವಾಗಿಯೂ, 3,500 ಡಾಲರನ್ನು ಸಾಲವಾಗಿಯೂ, 2,500 ಡಾಲರನ್ನು ಕ್ಯಾಂಪಸ್ಸಿನ ಅರೆಕಾಲಿಕ ಕೆಲಸದ ರೂಪದಲ್ಲಿಯೂ ಕೊಟ್ಟು ಅದನ್ನು ಪೂರ್ತಿ ತುಂಬಿದೆ. ಈಗ ವಿದ್ಯಾರ್ಥಿಗೆ ಹೊರಗಿನಿಂದ 4,000 ಡಾಲರ್ ಬಂತು. ಒಂದು ಕಾಲೇಜು ಮೊದಲು 3,500ರ ಸಾಲವನ್ನು ತೆಗೆದುಹಾಕಿ, ಉಳಿದ 500ನ್ನು ಕೆಲಸದ ಪಾಲಿನಿಂದ ಇಳಿಸುತ್ತದೆ. ಅನುದಾನ ಹಾಗೆಯೇ ಉಳಿಯುತ್ತದೆ, ವಿದ್ಯಾರ್ಥಿ ಆ ವರ್ಷ ಸಾಲವಿಲ್ಲದೆ ಓದುತ್ತಾನೆ. ಇನ್ನೊಂದು ಕಾಲೇಜು ತನ್ನ ಅನುದಾನವನ್ನೇ 30,000ಕ್ಕೆ ಇಳಿಸುತ್ತದೆ. ಆಗ ಸಾಲ ಇದ್ದಷ್ಟೇ ಇರುತ್ತದೆ, ಕುಟುಂಬದ ಹೊರೆಯೂ ಇದ್ದಷ್ಟೇ ಇರುತ್ತದೆ, ಉಳಿತಾಯವಾದದ್ದು ಕಾಲೇಜಿನ ಬೊಕ್ಕಸಕ್ಕೆ. ಪ್ರಬಂಧ ಬರೆದು, ಶಿಫಾರಸು ಪತ್ರಗಳಿಗಾಗಿ ಅಲೆದು, ಸಂದರ್ಶನಕ್ಕೆ ಹೋಗಿ ಬಂದ ಹುಡುಗನಿಗೆ ಒಂದು ಡಾಲರೂ ದಕ್ಕದಿರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ದಾನಿಯ ಉದ್ದೇಶವೂ ಅಲ್ಲಿ ಸೋಲುತ್ತದೆ.

ಕೆಲವು ರಾಜ್ಯಗಳು ಇದನ್ನು ಗಮನಿಸಿವೆ. ಸಾರ್ವಜನಿಕ ವಿಶ್ವವಿದ್ಯಾಲಯಗಳು ಹೀಗೆ ಅನುದಾನ ಕಡಿಯುವುದಕ್ಕೆ 2017ರಲ್ಲಿ ಮೇರಿಲ್ಯಾಂಡ್ ಮೊದಲಿಗೆ ಮಿತಿ ಹಾಕಿತು; 2022ರಲ್ಲಿ ಕ್ಯಾಲಿಫೋರ್ನಿಯಾ ಪೆಲ್ ಅನುದಾನಕ್ಕೆ ಅರ್ಹರಾದ ವಿದ್ಯಾರ್ಥಿಗಳನ್ನೂ ದಾಖಲೆಗಳಿಲ್ಲದ ವಲಸಿಗ ವಿದ್ಯಾರ್ಥಿಗಳಿಗೂ ದಾರಿ ತೆರೆದ ರಾಜ್ಯದ ಡ್ರೀಮ್ ಕಾಯ್ದೆಯಡಿ ನೆರವು ಪಡೆಯುವವರನ್ನೂ ರಕ್ಷಿಸುವ ಕಾನೂನು ಮಾಡಿತು. ಇಂತಹ ಕಾನೂನು ಇಲ್ಲದ ಕಡೆ ಕಾಲೇಜಿನ ನೀತಿಯೇ ಕಾನೂನು. ಆದ್ದರಿಂದ ಹಣಕಾಸು ನೆರವಿನ ಕಚೇರಿಗೆ ಬರವಣಿಗೆಯಲ್ಲಿಯೇ ಕೇಳಿ: ಹೊರಗಿನ ಹಣ ಬಂದರೆ ಮೊದಲು ಯಾವುದನ್ನು ಇಳಿಸುತ್ತೀರಿ, ಅಗತ್ಯದಲ್ಲಿ ತುಂಬದೆ ಉಳಿದ ಕಂದಕವಿದ್ದರೆ ಈ ಹಣವನ್ನು ಮೊದಲು ಅಲ್ಲಿಗೆ ಹಾಕುತ್ತೀರಾ, ಒಂದೇ ವರ್ಷದ ಸ್ಕಾಲರ್‌ಶಿಪ್ ಮುಗಿದ ಮೇಲೆ ಇಳಿಸಿದ ಅನುದಾನವನ್ನು ಮರಳಿ ಏರಿಸುತ್ತೀರಾ? ಕಂಪ್ಯೂಟರ್ ಖರೀದಿಯಂತಹ ನಿಜವಾದ ಖರ್ಚನ್ನು ಒಟ್ಟು ವೆಚ್ಚದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಅಧಿಕಾರವೂ ಆ ಕಚೇರಿಗೆ ಇದೆ, ಅದನ್ನೂ ಕೇಳಬಹುದು. ಉತ್ತರ ಅನುಕೂಲಕರವಾಗಿಲ್ಲದಿದ್ದರೆ, ಹಣವನ್ನು ಎರಡು ವರ್ಷಕ್ಕೆ ಹಂಚಲು ಅಥವಾ ಮುಂದಿನ ವರ್ಷಕ್ಕೆ ಮುಂದೂಡಲು ಸಾಧ್ಯವೇ ಎಂದು ದಾನಿಯನ್ನು ವಿನಯದಿಂದ ಕೇಳಿ. ಒಪ್ಪುವ ದಾನಿಗಳಿದ್ದಾರೆ.

ಇನ್ನು ಹುಡುಕಾಟ. ನಾನು ಹತ್ತಿರದಲ್ಲಿ ಹುಡುಕಿ ಎನ್ನುವುದಕ್ಕೆ ಈ ದೇಶದ ದಾನದ ಚರಿತ್ರೆಯಲ್ಲಿಯೇ ಕಾರಣವಿದೆ. 1914ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಮೊದಲ ಸಮುದಾಯ ಪ್ರತಿಷ್ಠಾನವನ್ನು ಕಟ್ಟಿದರು. ಊರಿನ ಹಲವರು ಬಿಟ್ಟುಹೋದ ಹಣವನ್ನು ಒಂದೇ ಸಂಸ್ಥೆ ನೋಡಿಕೊಂಡು ಊರಿನ ಒಳಿತಿಗೆ ವಿನಿಯೋಗಿಸಬೇಕು ಎಂಬುದು ಅವರ ಯೋಚನೆ. ಇಂದು ಅಂತಹ ನೂರಾರು ಪ್ರತಿಷ್ಠಾನಗಳು ದೇಶದುದ್ದಕ್ಕೂ ಇವೆ. ತೀರಿಕೊಂಡ ಶಿಕ್ಷಕಿಯ ನೆನಪಿಗೆ ಅವರ ಮನೆಯವರು ಇಟ್ಟ ನಿಧಿ, ಇಂಥ ಕೌಂಟಿಯ ಇಂಥ ಶಾಲೆಯಿಂದ ಶುಶ್ರೂಷೆ ಓದಲು ಹೋಗುವವರಿಗೆಂದು ಒಬ್ಬ ವೈದ್ಯರು ಉಯಿಲಿನಲ್ಲಿ ಬರೆದ ಹಣ, ಈ ಬಗೆಯ ಹತ್ತಾರು ನಿಧಿಗಳನ್ನು ಒಂದೊಂದು ಪ್ರತಿಷ್ಠಾನವೂ ಕಾಯುತ್ತದೆ. ಒಂದೇ ಅರ್ಜಿ ತುಂಬಿದರೆ ಹೊಂದುವ ನಿಧಿಗಳಿಗೆಲ್ಲ ಅದು ತಲುಪುವ ವ್ಯವಸ್ಥೆಯೂ ಅನೇಕ ಕಡೆ ಇದೆ. ಷರತ್ತು ಕಿರಿದಾಗಿರುವುದರಿಂದಲೇ ಸ್ಪರ್ಧಿಗಳು ಕಡಿಮೆ. ಹಾಗೆಯೇ 1958ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಎಂಬ ಊರಿನಲ್ಲಿ ಕಣ್ಣಿನ ಪರೀಕ್ಷಕರಾಗಿದ್ದ ಇರ್ವಿಂಗ್ ಫ್ರಾಡಿನ್, ಊರಿನ ಪ್ರತಿಯೊಬ್ಬರೂ ಒಂದು ಡಾಲರ್ ಕೊಟ್ಟರೆ ಊರಿನ ಮಕ್ಕಳನ್ನು ಕಾಲೇಜಿಗೆ ಕಳಿಸಬಹುದು ಎಂದು ಹೊರಟರು. ಅದೇ ಬೆಳೆದು ಇಂದಿನ ಸ್ಕಾಲರ್‌ಶಿಪ್ ಅಮೆರಿಕ ಎಂಬ ಸಂಸ್ಥೆಯಾಗಿದೆ, ಅದರ ಊರಿನ ಶಾಖೆಗಳು ಡಾಲರ್ಸ್ ಫಾರ್ ಸ್ಕಾಲರ್ಸ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿವೆ.

ಹಾಗಾಗಿ ಮೊದಲು ಶಾಲೆಯ ಕೌನ್ಸಿಲರ್ ಬಳಿಯಿರುವ ಪಟ್ಟಿಯನ್ನು ತೆಗೆದುಕೊಳ್ಳಿ, ಹಿಂದಿನ ವರ್ಷದ ಪದವಿ ಸಮಾರಂಭದಲ್ಲಿ ಯಾರಿಗೆ ಯಾವ ಸಂಸ್ಥೆ ಹಣ ಕೊಟ್ಟಿತು ಎಂಬುದನ್ನು ನೋಡಿ. ಆ ಬಳಿಕ ನಿಮ್ಮ ಕೌಂಟಿಯ ಸಮುದಾಯ ಪ್ರತಿಷ್ಠಾನ, ರೋಟರಿ ಮತ್ತು ಲಯನ್ಸ್ ಕ್ಲಬ್ಬುಗಳು, ನೀವು ಖಾತೆ ಇಟ್ಟಿರುವ ಕ್ರೆಡಿಟ್ ಯೂನಿಯನ್, ಗ್ರಂಥಾಲಯದ ಫಲಕ. ತಂದೆತಾಯಂದಿರು ತಮ್ಮ ಕಂಪನಿಯ ಮಾನವ ಸಂಪನ್ಮೂಲ ವಿಭಾಗವನ್ನು ಕೇಳುವುದನ್ನು ಮರೆಯುತ್ತಾರೆ. ಉದ್ಯೋಗಿಗಳ ಮಕ್ಕಳಿಗೆಂದೇ ನಿಧಿ ಇಟ್ಟಿರುವ ಕಂಪನಿಗಳು ಅನೇಕ. ಇಲ್ಲಿ ಸಿಗುವುದು ಒಮ್ಮೆ 500 ಡಾಲರ್, ಒಮ್ಮೆ 2,000 ಡಾಲರ್ ಇರಬಹುದು. ಆದರೆ ಅರ್ಜಿ ಹಾಕಿದವರು ಬೆರಳೆಣಿಕೆಯಷ್ಟಿರುವ ಕಡೆ ಸಿಗುವ ಸಾಧ್ಯತೆಯೂ ಅಷ್ಟೇ ಹೆಚ್ಚು.

ಇದಕ್ಕೆ ಹೋಲಿಸಿದರೆ, ಕೋಕಾ-ಕೋಲಾ ಸ್ಕಾಲರ್ಸ್ ಯೋಜನೆ ಪ್ರತಿವರ್ಷ 150 ವಿದ್ಯಾರ್ಥಿಗಳಿಗೆ ತಲಾ 20,000 ಡಾಲರ್ ಕೊಡುತ್ತದೆ, ಅರ್ಜಿ ಹಾಕುವವರ ಸಂಖ್ಯೆ ಲಕ್ಷದ ಗಡಿಯಲ್ಲಿದೆ. ಜ್ಯಾಕ್ ಕೆಂಟ್ ಕುಕ್ ಪ್ರತಿಷ್ಠಾನ ವರ್ಷಕ್ಕೆ 55,000 ಡಾಲರಿನವರೆಗೆ ಕೊಡುತ್ತದೆ, ಆದರೆ ಕುಟುಂಬದ ಆದಾಯಕ್ಕೆ ಮಿತಿಯಿದೆ. ಇವುಗಳಿಗೆ ಅರ್ಜಿ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಅರ್ಹತೆ ಚೆನ್ನಾಗಿ ಹೊಂದುವ ಎರಡು ಮೂರನ್ನು ಆರಿಸಿಕೊಂಡು ಶ್ರದ್ಧೆಯಿಂದ ಬರೆಯಿರಿ. ಕೋಕಾ-ಕೋಲಾದಂತಹವು ಸೆಪ್ಟೆಂಬರ್ ಕೊನೆಗೇ ಮುಗಿಯುತ್ತವೆ, ಊರಿನವು ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್ ನಡುವೆ ಬರುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ವೇಳಾಪಟ್ಟಿ ಮಾಡಿ. ಜಾಲತಾಣಗಳಲ್ಲಿ ಹುಡುಕುವವರು ಕಾರ್ಮಿಕ ಇಲಾಖೆಯ ಕೆರಿಯರ್ ಒನ್ ಸ್ಟಾಪ್ ಮತ್ತು ಕಾಲೇಜ್ ಬೋರ್ಡಿನ ಬಿಗ್ ಫ್ಯೂಚರ್ ಇವೆರಡನ್ನು ನೋಡಿದರೆ ಸಾಕು, ಎರಡೂ ಉಚಿತ.

ಉಚಿತ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಕ್ಷೇತ್ರದಲ್ಲಿ ಮೋಸ ಎಷ್ಟಿತ್ತೆಂದರೆ 2000ದಲ್ಲಿ ಅಮೆರಿಕದ ಸಂಸತ್ತು ಅದಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಹಣ ಕಟ್ಟಿದರೆ ಸ್ಕಾಲರ್‌ಶಿಪ್ ಖಚಿತ ಎನ್ನುವವರು, ಹಾಕದ ಅರ್ಜಿಗೆ ನೀವು ಅಂತಿಮ ಸುತ್ತಿಗೆ ಬಂದಿದ್ದೀರಿ ಎನ್ನುವವರು, ಸ್ಥಾನ ಕಾಯ್ದಿರಿಸಲು ಕ್ರೆಡಿಟ್ ಕಾರ್ಡ್ ಸಂಖ್ಯೆ ಕೇಳುವವರು ಇವರೆಲ್ಲರಿಂದ ದೂರವಿರಬೇಕು. ಹೋಟೆಲಿನ ಸಭಾಂಗಣಗಳಲ್ಲಿ ಉಚಿತ ಮಾಹಿತಿ ಸಭೆ ನಡೆಸಿ ಕೊನೆಗೆ ಸಾವಿರಾರು ಡಾಲರಿನ ಸೇವೆ ಮಾರುವವರ ಬಗ್ಗೆಯೂ ಅಷ್ಟೇ ಎಚ್ಚರ ಬೇಕು.

ಹಣ ಬಂದ ಮೇಲೆ ತೆರಿಗೆಯ ವಿಚಾರವಿದೆ. ಪದವಿಗಾಗಿ ಓದುತ್ತಿರುವ ವಿದ್ಯಾರ್ಥಿಗೆ ಬೋಧನಾ ಶುಲ್ಕ, ಕಡ್ಡಾಯ ಶುಲ್ಕ, ತರಗತಿಗೆ ಬೇಕಾದ ಪುಸ್ತಕ ಮತ್ತು ಉಪಕರಣಗಳಿಗೆ ಬಳಸಿದ ಸ್ಕಾಲರ್‌ಶಿಪ್ ಹಣಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ. ವಸತಿ ಮತ್ತು ಊಟಕ್ಕೆ ಹೋದ ಭಾಗ ಆದಾಯವೆಂದು ಎಣಿಕೆಯಾಗುತ್ತದೆ. ತೆರಿಗೆ ಇಲಾಖೆಯ 970ನೇ ಸಂಖ್ಯೆಯ ಕೈಪಿಡಿಯಲ್ಲಿ ಇದರ ವಿವರವಿದೆ, ರಸೀದಿಗಳನ್ನು ಇಟ್ಟುಕೊಂಡರೆ ಲೆಕ್ಕ ಸುಲಭ.

ಹೈಸ್ಕೂಲು ಮುಗಿದೊಡನೆ ಹುಡುಕಾಟವನ್ನು ನಿಲ್ಲಿಸುವುದು ತೀರ ಸಾಮಾನ್ಯ, ನನಗೆ ಅದು ಸರಿಯೆನಿಸುವುದಿಲ್ಲ. ಎರಡನೆಯ ವರ್ಷದ ಹೊತ್ತಿಗೆ ವಿದ್ಯಾರ್ಥಿ ಒಂದು ವಿಭಾಗಕ್ಕೆ ಸೇರಿರುತ್ತಾನೆ, ಆ ವಿಭಾಗದ ಅನೇಕ ನಿಧಿಗಳಿಗೆ ಹೊಸಬರು ಅರ್ಜಿ ಹಾಕುವಂತಿಲ್ಲ. ಎಂಜಿನಿಯರಿಂಗ್ ಓದುವ ಹುಡುಗಿಯರಿಗೆ ಸೊಸೈಟಿ ಆಫ್ ವಿಮೆನ್ ಎಂಜಿನಿಯರ್ಸ್, ವಿಜ್ಞಾನ ಸಂಶೋಧನೆಯತ್ತ ಒಲವಿರುವ ಪೌರರಿಗೂ ಶಾಶ್ವತ ನಿವಾಸಿಗಳಿಗೂ ಎರಡು ಮತ್ತು ಮೂರನೆಯ ವರ್ಷದಲ್ಲಿ ಕಾಲೇಜಿನ ಮೂಲಕವೇ ಹೆಸರು ಕಳಿಸಬೇಕಾದ ಗೋಲ್ಡ್‌ವಾಟರ್ ಸ್ಕಾಲರ್‌ಶಿಪ್, ಹೀಗೆ ದಾರಿಗಳು ಆಗಲೂ ತೆರೆದಿರುತ್ತವೆ. ಮೊದಲ ವರ್ಷ ಪಡೆದ ಊರಿನ ನಿಧಿಯೂ ನವೀಕರಣಕ್ಕೆ ಅಂಕಪಟ್ಟಿಯನ್ನೋ ಒಂದು ಪುಟದ ಪತ್ರವನ್ನೋ ಕೇಳುವುದುಂಟು. ಆ ಕೊನೆಯ ದಿನಾಂಕವನ್ನು ಹಣ ಕೈಸೇರಿದ ದಿನವೇ ಬರೆದಿಟ್ಟುಕೊಳ್ಳಿ.